ಹುಳಕ್ಕೆ ಜ್ವರ, ಹೀಟರಿಗೆ ಹೊಸ ಟೈಮರ್

ಡ್ರಿಲ್ ಮೆಷಿನ್ ಹಿಡಿದು ಒಳಗೆ ಕಾಲಿಡುವಷ್ಟರಲ್ಲಿ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಗೋಡೆ ಕೊರೀಬ್ಯಾಡ ಕಣ್ಲಾ, ಉಳ ಜ್ವರಕ್ಕೆ ಕೂತವೆ. ಮಕಕ್ಕೆ ಪೌಡ್ರು ಬ್ಯಾರೆ ಬಳ್ಕಂಡ್ ಬಂದಿದ್ದೀಯ, ಆ ವಾಸ್ನೆ ಉಳಕ್ಕೆ ಆಗಕಿಲ್ಲ... ಓಗು, ತೊಳ್ಕಂಡ್ ಬಾ."

ನಾನು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ನಮ್ಮೂರು ತಿ. ನರಸೀಪುರದ ಕಡೆ, ಅಲ್ಲಿ ಭತ್ತ ಬಿಟ್ಟರೆ ಬೇರೆ ಮಾತಿಲ್ಲ. ಹುಳಕ್ಕೆ ಜ್ವರ ಅಂದರೆ ನಗು ಬಾರದೇ ಇರುತ್ತಾ?

ಅಕ್ಕನನ್ನು ಕೊಟ್ಟಿರುವುದು ಹದಿನಾರು ಅನ್ನುವ ಊರಿಗೆ. ಈ ಸಲ ಅವಳು ಮೊದಲ ಬಾರಿಗೆ ಚಾಕಿ ಮಾಡಿದ್ದಾಳೆ, ಅಂದರೆ ಮೊಟ್ಟೆ ಒಡೆದ ರೇಷ್ಮೆ ಮರಿಗಳನ್ನು ಸಾಕಿ ಊರಿನ ಬೇರೆ ಮನೆಗಳಿಗೆ ಕೊಡುವ ಕೆಲಸ. ಜ್ವರ ಅಂದರೆ ಕಾಯಿಲೆಯಲ್ಲ, ಮೇವು ಬಿಟ್ಟು ಚರ್ಮ ಕಳಚುವ ಹೊತ್ತು.

ಮಾಗಿ ಚಳಿ. ರೂಮು ಬೆಚ್ಚಗಿಡುವ ಹೀಟರಿನ ಟೈಮರ್ ಸುಟ್ಟುಹೋಗಿತ್ತು. ಕಾವು ಏರುಪೇರಾದರೆ ಹುಳ ಒಂದು ಇವತ್ತು, ಒಂದು ನಾಳೆ ಜ್ವರದಿಂದ ಏಳುತ್ತವೆ. ಅಂಥ ಮರಿಯನ್ನು ಯಾರೂ ಒಯ್ಯುವುದಿಲ್ಲ, ಅಕ್ಕನ ಚಾಕಿ ಅಲ್ಲಿಗೇ ಮುಗಿಯಿತು.

ಮುಖ ತೊಳೆದು, ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅಬ್ಬಾ...

ತಟ್ಟೆ ತಟ್ಟೆ ತುಂಬ ಸಾವಿರಾರು ಹುಳ. ಅಕ್ಕಿ ಕಾಳಿಗಿಂತ ಚೂರು ಉದ್ದ, ಅಷ್ಟೇ. ಎಲ್ಲವೂ ತಲೆ ಎತ್ತಿ ನಿಂತುಬಿಟ್ಟಿವೆ, ಒಂದೂ ಮಿಸುಕುತ್ತಿಲ್ಲ. ನನಗೆ ಉಸಿರು ಬಿಡುವುದಕ್ಕೂ ಹೆದರಿಕೆಯಾಯಿತು.

ಡ್ರಿಲ್ ಹೊರಗಿಟ್ಟೆ. ಹೊಸ ಟೈಮರನ್ನು ಒಂದು ಹಲಗೆಗೆ ಕೂರಿಸಿ, ಹಳೇ ಮೊಳೆಗೆ ನೇತುಹಾಕಿದೆ. ಮೇನ್ ಆಫ್ ಮಾಡಿ, ಹಳೆಯದರಲ್ಲಿದ್ದ ಹಾಗೇ ವೈರ್ ಕೊಟ್ಟೆ. ಆನ್ ಮಾಡಿದರೆ ಟೈಮರ್ ಟಿಕ್ ಅಂತು, ಅದರ ಲೈಟೂ ಬಂತು.

ಅಕ್ಕ ಹೀಟರ್ ಹತ್ತಿರ ಅಂಗೈ ಹಿಡಿದಳು. "ತಣ್ಣಗೇ ಅದೆ ಕಣ್ಲಾ..." ಅಂದವಳೇ ತಟ್ಟೆಗಳ ಕಡೆ ತಿರುಗಿ ನೋಡಿದಳು.

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಮೀಟರ್ ಇಟ್ಟು ನೋಡಿದೆ. ಹಳೇ ಟೈಮರಿನಲ್ಲಿ ಗಡಿಯಾರಕ್ಕೆ ಬಂದ ಕರೆಂಟೇ ಒಳಗಿನಿಂದ ಹೀಟರಿನ ಸ್ವಿಚ್ಚಿಗೂ ಹೋಗುತ್ತಿತ್ತು. ಹೊಸದರಲ್ಲಿ ಎರಡೂ ಬೇರೆ ಬೇರೆ. ಗಡಿಯಾರ ಓಡುತ್ತಿದೆ, ಸ್ವಿಚ್ಚಿಗೆ ಕರೆಂಟೇ ಇಲ್ಲ!

ಮತ್ತೆ ಮೇನ್ ಆಫ್ ಮಾಡಿದೆ. ಕರೆಂಟು ಬರುವ ಫೇಸ್ ವೈರಿನಿಂದ ಸ್ವಿಚ್ಚಿನ ಟರ್ಮಿನಲ್‌ಗೆ ಗೇಣುದ್ದದ ವೈರಿನಲ್ಲಿ ಲೂಪ್ ಕೊಟ್ಟು ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅಕ್ಕ ಕೈ ಹಿಂದಕ್ಕೆಳೆದುಕೊಂಡು ನಕ್ಕಳು.

ಮರುದಿನ ಡ್ಯೂಟಿಗೆ ಹೋಗುವ ಮುಂಚೆ ಮನಸ್ಸು ತಡೆಯದೆ ಹದಿನಾರಿಗೆ ಹೋದೆ.

ಹುಳ ಏಳುತ್ತಿವೆ. ಹಳೇ ಚರ್ಮ ಹಿಂದೆ ಬಿಟ್ಟು ಒಂದೊಂದೇ ಮುಂದೆ ಸರಿಯುತ್ತಿವೆ. ಎದ್ದವು ಮೇವಿಗೆ ತಡಕಾಡುತ್ತಿವೆ, ಅಕ್ಕ ಮಾತ್ರ ಹಿಪ್ಪುನೇರಳೆ ಸೊಪ್ಪು ಹೆಚ್ಚಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ.

"ಪಾಪ, ಹಾಕಬಾರದಾ?" ಅಂದೆ.

"ಎದ್ದೋವ್ಕೆ ಇಕ್ಬುಟ್ರೆ ಮಲ್ಗಿರವು ಹಿಂದ್ಕೆ ಬಿದ್ದೋಯ್ತವೆ ಕಣ್ಲಾ. ಎಲ್ಲ ಏಳ್ಲಿ."

ನಾನೂ ಕಾದೆ. ಬಸ್ಸು ಹೋದರೆ ಹೋಗಲಿ ಅಂತ ಕಾದೆ.

ಕಾವು ಸರಿಯಾಗಿದ್ದದ್ದಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. ಅಕ್ಕ ಸೊಪ್ಪು ಉದುರಿಸಿದಳು. ಅಷ್ಟೂ ತಲೆಗಳು ಒಟ್ಟಿಗೆ ಬಾಗಿದವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಮರಿ ಒಯ್ಯುವ ಮನೆಯವರೊಬ್ಬರಿಗೆ ಫೋನ್ ಮಾಡಿದಳು. "ಅಣ್ಣೋ, ಉಳ ಎದ್ದವೆ. ಬಂದು ತಕಂಡೋಗಿ."

ಕೊನೆಯದು ಏಳುವವರೆಗೂ ಊಟ ಬಡಿಸದೆ ಕಾಯುವ ಇಂಥ ಮನೆ, ನೀವೆಲ್ಲಾದರೂ ನೋಡಿದ್ದೀರಾ?