ಮೇಷ್ಟ್ರು ಕಾಪಿ ಹೊಡೆದ ಪರೀಕ್ಷೆ

ಮೊನ್ನೆ ಮಗಳ ಸ್ಕೂಲ್ ಶೂಗೆ ಬಿಳಿ ಪಾಲಿಶ್ ಹಚ್ಚುತ್ತಿದ್ದೆ. ಆ ಹಸಿ ಸುಣ್ಣದಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮೇಷ್ಟ್ರು ಕಣ್ಣೆದುರು ಬಂದು ನಿಂತರು... ಕುರುಬರಹಳ್ಳಿಯ ಶಾಲೆಯಲ್ಲಿ ನಮ್ಮನ್ನೆಲ್ಲ ಮೈದಾನ ಸುತ್ತಿಸಿ ಬೆವರಿಳಿಸಿದವರು. ನೆಟ್ಟಗಿನ, ತೆಳ್ಳಗಿನ ಮೈ. ಅವರ ಹಾಗೆ ಕಾಣಬೇಕೆಂದು ನಾವು ಹೊಟ್ಟೆ ಒಳಗೆಳೆದುಕೊಂಡು ನಡೆಯುತ್ತಿದ್ದೆವು.

ರಿಟೈರಾಗಿ ಎಷ್ಟೋ ವರ್ಷದ ಮೇಲೆ ಅವರು ಬಸವೇಶ್ವರನಗರದ ನನ್ನ ಕ್ಲಿನಿಕ್ಕಿಗೆ ಬಂದಾಗ ಗುರುತೇ ಹತ್ತಲಿಲ್ಲ. ಹೊಟ್ಟೆ ಬಂದಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಹಳೆಯ ಶಿಷ್ಯರು ಕಂಡರೆ ರಸ್ತೆ ದಾಟಿ ಆಚೆ ಹೋಗಿಬಿಡುತ್ತಾರೆ, ವಾಕಿಂಗೂ ಬಿಟ್ಟಿದ್ದಾರೆ ಎಂದು ಅವರ ಹೆಂಡತಿ ಹೇಳಿದರು. ಆಗಲೇ ಕಾಲ್ಬೆರಳುಗಳು ಜೋಮು ಹಿಡಿಯುತ್ತಿದ್ದವು. ಹೀಗೇ ಬಿಟ್ಟರೆ ಕಾಲಿಗೇ ಕುತ್ತು ಎಂದು ನನಗೆ ಹೆದರಿಕೆಯಾಯಿತು.

ಆದರೆ ಪ್ರತಿ ಸಲವೂ ಬ್ಲಡ್ ರಿಪೋರ್ಟ್ ಚೊಕ್ಕ! ನಮ್ಮ ಜನ ಇದರಲ್ಲಿ ಪಳಗಿದವರು. ಟೆಸ್ಟಿಗೆ ಎರಡು ದಿನ ಮುಂಚೆ ಕಟ್ಟುನಿಟ್ಟಿನ ಪಥ್ಯ. ರಕ್ತ ಕೊಟ್ಟು ಹೊರಬಿದ್ದರೆ ನೇರ ದರ್ಶಿನಿಗೆ, ಕೇಸರಿಬಾತಿಗೆ. ನಾನು ಮೂರು ತಿಂಗಳ ಸಕ್ಕರೆಯ ಜಾತಕ ಹೇಳುವ ಟೆಸ್ಟನ್ನೇ ಮಾಡಿಸಿದೆ. ಬಂಡವಾಳ ಬಯಲಾಯಿತು.

"ಏನ್ ಸಾರ್, ಕಾಪಿ ಹೊಡೀತಿದ್ರಾ?" ಎಂದೆ.

ಮೇಷ್ಟ್ರ ಮುಖ ಸಣ್ಣದಾಯಿತು. "ನಿನ್ನ ಮುಂದೆ ಫೇಲಾಗೋಕೆ ನಾಚಿಕೆ ಕಣೋ..."

ನಾನು ರಿಪೋರ್ಟನ್ನು ಮಡಚಿ ಪಕ್ಕಕ್ಕಿಟ್ಟೆ. "ಓಟದಲ್ಲಿ ಯಾವಾಗ್ಲೂ ಕೊನೇಲಿ ಬರ್ತಿದ್ದೋನು ನಾನು ಸಾರ್. ನೀವು ಒಂದಿನಾನೂ ನಗ್ಲಿಲ್ಲ. ನಾಳೆ ಬೆಳಿಗ್ಗೆ ಪಾರ್ಕಿಗೆ ಬನ್ನಿ, ನಾನೂ ಬರ್ತೀನಿ."

ಬಂದರು! ಕ್ಯಾನ್ವಾಸ್ ಶೂ, ಇನ್‌ಶರ್ಟ್, ಹೊಟ್ಟೆ ಎಲ್ಲರಿಗೂ ಕಾಣುವ ಹಾಗೆ. ಅಲ್ಲಿದ್ದ ಹಳೆಯ ಶಿಷ್ಯರಿಬ್ಬರು ಬಾಯಿ ಬಿಟ್ಟುಕೊಂಡು ನಿಂತರು.

"ಏನ್ರೋ ನೋಡ್ತೀರಾ? ನಂದೇ ಹೊಟ್ಟೆ. ನಗೋದಾದ್ರೆ ಲೈನಲ್ಲಿ ನಿಂತ್ಕೊಂಡು ನಗ್ರೋ!"

ಪಾರ್ಕೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ಅಂದಿನಿಂದ ದಿನವೂ ನಮ್ಮ ಜೊತೆ ನಡೆದರು.

ಆ ಹೊಟ್ಟೆ ಪೂರ್ತಿ ಇಳಿಯಲೇ ಇಲ್ಲ. ಸಕ್ಕರೆ ಇಳಿಯಿತು, ಕಾಲು ಉಳಿಯಿತು. ಕನ್ನಡಿ ನೋಡಿ ಕೊರಗುವ ರೋಗಿಗಳು ಬಂದಾಗಲೆಲ್ಲ ನಾನು ಮೇಷ್ಟ್ರ ಕಥೆಯನ್ನೇ ಹೇಳುತ್ತೇನೆ. ವಯಸ್ಸಾದ ಮೈಯನ್ನು ಇದ್ದ ಹಾಗೇ ನಾಲ್ಕು ಜನರ ನಡುವೆ ತಂದು ನಡೆಸುವುದಕ್ಕೆ ಎಂಥ ಗಟ್ಟಿ ಎದೆ ಬೇಕು! ಅಂಥವರು ನನ್ನ ಮೇಷ್ಟ್ರು ಎಂದು ನನಗೆ ಬಹಳ ಹೆಮ್ಮೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು... ನಾವು ಈಗಲೂ ಅದೇ ಪಾರ್ಕಿನಲ್ಲಿ ನಡೆಯುತ್ತೇವೆ. ಆದರೆ ಒಂದು ದಿನ ತಪ್ಪಿಸಿದರೆ, "ಯಾಕೋ ಡಾಕ್ಟ್ರೇ, ನಿನ್ನೆ ಆಬ್ಸೆಂಟು?" ಎಂದು ಗದರುವವರು ಯಾರೂ ಇಲ್ಲ.