ಅರ್ಧ ಕಲಿತ ಜಪಾನಿ ಹಾಡು

ಕಳೆದ ಶನಿವಾರ ನಮ್ಮ ಪಕ್ಕದೂರು ನೋವೈನ ಜಪಾನಿ ಅಂಗಡಿಯಲ್ಲಿ ಯಾರೋ ಎಳ್ಳೆಣ್ಣೆಯ ಸೀಸೆ ಒಡೆದುಬಿಟ್ಟಿದ್ದರು. ಶಿಕಾಗೊದಿಂದ ಬಂದಿದ್ದ ಮಗಳು ತಿಂಡಿ ಆರಿಸುತ್ತಿದ್ದಳು. ನಾನು ನಿಂತಲ್ಲೇ ನಿಂತೆ. ಆ ವಾಸನೆಗೆ ಇಲ್ಲೇ ಹತ್ತಿರದ ಕ್ಯಾಂಟನ್ ಊರಿನ ಒಂದು ಬೇಸ್‌ಮೆಂಟ್ ನೆನಪಾಯಿತು, ಅಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಿಯೇ ಪಾಠ ಶುರು ಮಾಡುತ್ತಿದ್ದ ಸಂಗೀತದ ಆಂಟಿ ನೆನಪಾದರು...

ಮೈಸೂರಿನವರು. ಮಗ-ಸೊಸೆಯ ಮನೆಯಲ್ಲಿದ್ದುಕೊಂಡು ಇಲ್ಲಿನ ನಮ್ಮವರ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದರು. ನನ್ನ ಮಗಳಿಗೆ ಆಗ ಹನ್ನೆರಡು. ಪಾಠದ ಗೀತೆ ಹಾಡು ಎಂದರೆ ಮುಖ ಸೊಟ್ಟಗಾಗುತ್ತಿತ್ತು. ಕೂತರೂ ನಿಂತರೂ ಟಿವಿಯ ಜಪಾನಿ ಅನಿಮೆಯ ಹಾಡೇ. ಅದನ್ನು ಕಾರ್ಟೂನ್ ಎಂದರೆ ಅವಳಿಗೆ ಮಹಾ ಕೋಪ. ಆಂಟಿ ಬೈಯಲಿಲ್ಲ. ಅವಳ ಇಯರ್‌ಫೋನಿನ ಒಂದು ತುದಿಯನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಂಡು ಜಪಾನಿ ಗಾಯಕಿಯನ್ನು ಕೇಳಿದರು.

"ಎಂಥಾ ಉಸಿರು ಕಣೇ ಈ ಹುಡುಗೀದು! ನಮ್ಮ ಮೋಹನ ರಾಗ ಕೇಳಿದ ಹಾಗೇ ಇದೆ," ಎಂದರಂತೆ.

ಆಮೇಲೆ ಪಾಠ ಮುಗಿದ ಮೇಲೆ ಹತ್ತು ನಿಮಿಷ ಇವರಿಬ್ಬರದೇ ಕಛೇರಿ. ಆಂಟಿ ಜಪಾನಿ ಪದಗಳನ್ನು ಕನ್ನಡದಲ್ಲಿ ಬರೆದುಕೊಂಡು ಮೇಲೆ ಸ್ವರ ಹಾಕುತ್ತಿದ್ದರು. ಟಿವಿಯಲ್ಲಿ ಕಂತಿನ ಕೊನೆಗೆ ಬರುವುದು ಅರ್ಧ ಹಾಡು, ಒಂದೂವರೆ ನಿಮಿಷವಷ್ಟೇ. ಉಳಿದರ್ಧ ಗಾಯಕಿಯ ಆಲ್ಬಮ್ಮಿನಲ್ಲಿ, ನನ್ನ ಮಗಳ ಬಾಯಲ್ಲಿ. ಮಗಳು ಮನೆಯಲ್ಲಿ ಗೀತೆಯನ್ನೂ ತಾನಾಗಿ ಹಾಡತೊಡಗಿದ್ದಳು. ಕಾರಣ ನನಗೆ ಆಗ ಗೊತ್ತಿರಲಿಲ್ಲ.

ವಿಜಯದಶಮಿಯ ದಿನ ಹೊಸ ಪಾಠ ಆರಂಭಿಸುವುದು ಪದ್ಧತಿ. ಹಣ್ಣು ತಾಂಬೂಲ ಹಿಡಿದು ಬೇಸ್‌ಮೆಂಟಿಗೆ ಇಳಿದರೆ, ಗುರುವಿನ ಮಣೆಯ ಮೇಲೆ ನನ್ನ ಮಗಳು! ಎದುರಿಗೆ ಚಾಪೆಯ ಮೇಲೆ ಆಂಟಿ. ಸರಸ್ವತಿಯ ಪಟದ ಮುಂದೆ ಜಪಾನಿ ಹಾಡು.

"ಇವತ್ತು ಹೊಸ ಪಾಠ ನಂಗೆ. ಇವಳೇ ಗುರು," ಎಂದು ಆಂಟಿ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. "ಸರಸ್ವತಿ ಮುಂದೆ ಕಾರ್ಟೂನ್ ಹಾಡಾ ಆಂಟಿ? ಇದಕ್ಕಾ ನಾನು ನಾರ್ತ್‌ವಿಲ್‌ನಿಂದ ಡ್ರೈವ್ ಮಾಡ್ಕೊಂಡು ಬರೋದು?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳ ಕೈ ಹಿಡಿದು ಎಳೆದುಕೊಂಡು ಬಂದವಳು ಮತ್ತೆ ಕಳಿಸಲಿಲ್ಲ. ಅವಳು ಜಗಳವಾಡಲಿಲ್ಲ, ಹಾಡುವುದನ್ನೇ ಬಿಟ್ಟಳು.

ಎರಡು ವರ್ಷದ ಮೇಲೆ ಆಂಟಿಯ ಸೊಸೆ ಫೋನ್ ಮಾಡಿದರು. ಆಂಟಿ ಹಾಸಿಗೆ ಹಿಡಿದಿದ್ದರು.

"ಅತ್ತೆ ಆ ಜಪಾನಿ ಹಾಡು ಅರ್ಧ ಹಾಡಿ ನಿಲ್ಲಿಸ್ತಾರೆ ರೀ. ಮುಂದಿಂದು ನನ್ನ ಗುರು ಬಂದು ಹೇಳ್ಕೊಡ್ಬೇಕು ಅಂತಾರೆ. ನಿಮ್ಮ ಮಗಳನ್ನ ಒಂದ್ಸಲ ಕರ್ಕೊಂಡು ಬರ್ತೀರಾ?"

ಬರುತ್ತೇವೆ ಎಂದೆ. ಮಗಳ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅದು ನೆಪ, ಆಂಟಿಯ ಮುಖ ನೋಡಲು ನನಗೆ ನಾಚಿಕೆ. ಪರೀಕ್ಷೆ ಮುಗಿಯುವ ಮೊದಲೇ ಆಂಟಿ ಹೋಗಿಬಿಟ್ಟರು... ಫೋನ್ ಬಂದ ಸಂಗತಿಯನ್ನು ಮಗಳಿಗೆ ಹೇಳಲೇ ಇಲ್ಲ.

ಮೊನ್ನೆ ಶನಿವಾರ ಅಂಗಡಿಯಿಂದ ಬರುವಾಗ ಕಾರಿನಲ್ಲಿ ಹೇಳಿಬಿಟ್ಟೆ. ಇಷ್ಟು ವರ್ಷ ಹೇಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆನೋ ನನಗೇ ತಿಳಿಯದು. ಹೆದ್ದಾರಿಯಲ್ಲಿ ನಾವು ತೆಗೆದುಕೊಳ್ಳಬೇಕಿದ್ದ ಎಕ್ಸಿಟ್ ದಾಟಿಹೋಯಿತು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕನ್ನಡದಲ್ಲಿ ಕೇಳಿದಳು.

"ಅವ್ರು ನಂಗೋಸ್ಕರ ಕಾಯ್ತಾ ಇದ್ರಾ, ಅಮ್ಮ?"

ಹೌದು ಎಂದೆ.

"ನಂಗೆ ಆ ಹಾಡು ಪೂರ್ತಿ ಬರ್ತಿತ್ತು," ಎಂದಳು.