ಭಾಮೈದನ ಹೆಸರು ಅಮೀರ್

ಸೋಪಿನ ನೊರೆ ಮೆತ್ತಿದ ದಪ್ಪ ಹೆಬ್ಬೆರಳು. ಅದು ನನ್ನ ತುಟಿಯ ಮೇಲೆ ಬಿತ್ತೆಂದರೆ ಮಾತು ನಿಲ್ಲಿಸಬೇಕು ಎಂದರ್ಥ. ಕುವೈತಿನ ಸಲ್ವಾದಲ್ಲಿ ನನಗೆ ಕ್ಷೌರ ಮಾಡುತ್ತಿದ್ದ, ಪುತ್ತೂರು ಕಡೆಯ ಆ ಬ್ಯಾರಿ ಹಿರಿಯರನ್ನು ನಾನು ಕಾಕಾ ಎನ್ನುತ್ತಿದ್ದೆ. ನಾನೋ ಮೈಸೂರಿನವನು, ಮಂತ್ರಿಗಳನ್ನು ಬೈಯದೆ ಗಂಟಲಲ್ಲಿ ಕಾಫಿ ಇಳಿಯದು. ಕಾಕಾರ ಅಂಗಡಿಯಲ್ಲಿ ಇಂಡಿಯಾದವರನ್ನು ಎಷ್ಟು ಬೇಕಾದರೂ ಬೈಯಬಹುದಿತ್ತು. ದೇಶದ ದೊರೆ ಅಮೀರರ ಸುದ್ದಿ ಮಾತ್ರ ಕೂಡದು. ಅವರನ್ನು ಟೀಕಿಸುವುದು ಇಲ್ಲಿ ಅಪರಾಧ; ನಮ್ಮಂಥವರಿಗೆ ಜೈಲು, ಆಮೇಲೆ ಗಡೀಪಾರು.

"ಹೊಗಳಿದರೆ ಆಗಬಹುದಲ್ಲ ಕಾಕಾ?" ಎಂದು ಒಮ್ಮೆ ಕೆಣಕಿದ್ದೆ.

"ಅದೂ ಬೇಡ ಮಾರಾಯ್ರೆ. ಹೊಗಳ್ಲಿಕ್ಕೆ ಹೋಗಿ ನಾಲಿಗೆ ಎಲ್ಲಿಗೆ ಜಾರ್ತದೆ ಅಂತ ಯಾರಿಗೆ ಗೊತ್ತುಂಟು?"

ಯಾರೋ ಫೋನಿಗೆ ಕಳಿಸಿದ ಜೋಕೊಂದನ್ನು, ಅದೂ ಅಮೀರರ ಮೇಲಿನದು, ನಾನು ನಗುತ್ತಾ ಹಂಚಹೊರಟಾಗ ಅದೇ ಹೆಬ್ಬೆರಳು ಬಂದು ಅಳಿಸಿತು. ಫೋನೆಲ್ಲ ನೊರೆ. "ಮಂಡೆ ಸಮ ಉಂಟಾ ನಿಮ್ಗೆ? ಹೆಂಡತಿ ಮಕ್ಕಳು ಇಲ್ವಾ?" ನನಗೆ ಸಿಟ್ಟೇ ಬಂದಿತ್ತು. ಅಂಥದ್ದನ್ನೇ ಹಂಚಿದ ನಮ್ಮ ಆಫೀಸಿನವನೊಬ್ಬ ಜೈಲು ಕಂಡು ಊರು ಸೇರಿದ ಮೇಲೆ ಸಿಟ್ಟು ಇಳಿಯಿತು. ನನ್ನ ಅನ್ನ ಉಳಿಸಿದವರು ಅವರು.

ಇಂಥ ಕಾಕಾರೇ ಎಡವಿದರು. ಮಗಳ ಮದುವೆಗೆಂದು ಮರುದಿನವೇ ಊರಿಗೆ ವಿಮಾನ. ನಾನು ಸರದಿ ಕಾಯುತ್ತಿದ್ದೆ. ಕುರ್ಚಿಯಲ್ಲಿ ಅರ್ಧ ಗಡ್ಡ ಹೋದ ಕುವೈತಿ ಪೊಲೀಸ್. ಅಷ್ಟರಲ್ಲಿ ಊರಿನಿಂದ ಕಾಕಾರ ಭಾಮೈದ ವಿಡಿಯೋ ಕರೆ ಮಾಡಿ, ಮದುವೆಯ ಬಿರಿಯಾನಿಗೆ ತಾನೇ ಬೇರೆ ಅಡುಗೆಯವನನ್ನು ಗೊತ್ತುಮಾಡಿರುವುದಾಗಿ ಹೇಳಿದ. ಕಾಕಾ ಕ್ಷೌರದ ಕತ್ತಿ ಎತ್ತಿ ಗುಡುಗಿದರು:

"ಅಮೀರ್ ಹರಾಮಿ! ದೊಡ್ಡ ಹರಾಮಿ ಈ ಅಮೀರ್!"

ಭಾಮೈದನ ಹೆಸರು ಅಮೀರ್. ಹರಾಮಿ ನಮ್ಮಲ್ಲಿ ಬರೀ ಬೈಗುಳ, ಅರಬಿಯಲ್ಲಿ ಕಳ್ಳ. ದೇಶದ ದೊರೆ ಕಳ್ಳ ಎಂದು ಪೊಲೀಸನ ಕಿವಿಯಲ್ಲೇ ಕೂಗಿದಂತಾಯಿತು!

ಪೊಲೀಸ್ ನೊರೆಯ ಸಮೇತ ಎದ್ದು ನಿಂತ. "ಶಿನೂ?" ಏನಂದೆ? ನೀರು ಕುಡಿದಂತೆ ಅರಬಿ ಮಾತಾಡುವ ಕಾಕಾರಿಗೆ ಅರಬಿಯೇ ಮರೆತುಹೋಯಿತು. ಇಲ್ಲಿ ವಾಸಿಸಲು ಬೇಕಾದ ಇಕಾಮಾ ಹೋಯಿತು, ಮಗಳ ಮದುವೆಯೂ ಹೋಯಿತು ಎಂದುಕೊಂಡೆ. ಕಾಕಾ ನನ್ನತ್ತ ತಿರುಗಿ ಹಣೆ ಚಚ್ಚಿಕೊಂಡರು. "ಎಲ್ಲ ನನ್ನ ನಸೀಬ್ ಮಾರಾಯ್ರೆ, ನನ್ನ ನಸೀಬ್!"

"ನಸೀಬ್?" ಪೊಲೀಸನ ಹುಬ್ಬು ಮೇಲೇರಿತು. ಕಾಕಾ ಅಂದದ್ದು ಹಣೆಬರಹ; ಪುಣ್ಯಕ್ಕೆ, ಅವನ ಅರಬಿಯಲ್ಲಿ ನಸೀಬ್ ಎಂದರೆ ಹೆಂಡತಿ ಕಡೆಯ ನೆಂಟ! ಫೋನಿನೊಳಗೆ ಆ ಮಹಾರಾಯ ಇನ್ನೂ "ಹಲೋ ಭಾವಾ" ಎನ್ನುತ್ತಿದ್ದ. ಪೊಲೀಸ್ ಫೋನು ಕಿತ್ತುಕೊಂಡು ಮುಖ ನೋಡಿದ.

"ಅಮೀರ್?"

"ಹಾಂ, ಅಮೀರ್," ಎಂದು ಅವನು ಹಲ್ಲು ಕಿರಿದ.

ಪೊಲೀಸ್ ನಿಟ್ಟುಸಿರು ಬಿಟ್ಟ. "ಕುಲ್ ನಸೀಬ್ ಹರಾಮಿ." ಭಾಮೈದರೆಲ್ಲ ಕಳ್ಳರೇ. ಅವನ ಮನೆಯಲ್ಲೂ ಒಬ್ಬನಿದ್ದಿರಬೇಕು. ಕೂತು ಇನ್ನೊಂದು ಕೆನ್ನೆ ಒಡ್ಡಿದ.

ಮದುವೆ ಚೆನ್ನಾಗಿ ಆಯಿತು. ಕಾಕಾ ಮಾತ್ರ ತಿರುಗಿ ಬರಲಿಲ್ಲ. ಆ ದಿನ ಹಿಡಿದ ಕೈನಡುಕ ಬಿಡಲಿಲ್ಲವಂತೆ. ಊರಿನಿಂದ ವಾಯ್ಸ್ ಮೆಸೇಜ್ ಕಳಿಸಿದ್ದರು: ಬಿರಿಯಾನಿ ಅಡಿ ಹಿಡಿದ ಕಥೆ, ನಡುನಡುವೆ ಭಾಮೈದನಿಗೆ ಹೆಸರು ಹಿಡಿದು ಮಂಗಳಾರತಿ. "ಇಲ್ಲಿ ಎಷ್ಟು ಬೇಕಾದ್ರೂ ಬೊಬ್ಬೆ ಹಾಕ್ಬಹುದು ಮಾರಾಯ್ರೆ!" ಎಂಥ ಖುಷಿ ಆ ದನಿಯಲ್ಲಿ! ಕೆಲವೇ ತಿಂಗಳಲ್ಲಿ ತೀರಿಕೊಂಡರು.

ನೆನಪಾದಾಗಲೆಲ್ಲ ಆ ಮೆಸೇಜ್ ಹಾಕಿ ಕೇಳುತ್ತೇನೆ. ಇಲ್ಲಿ ಕುವೈತಿನಲ್ಲಿ, ಬಾಗಿಲು ಮುಚ್ಚಿ, ಫೋನು ಕಿವಿಗೊತ್ತಿಕೊಂಡು. ಮೈಸೂರಿಗೆ ಹೋದಾಗ ಮಾತ್ರ ಜೋರಾಗಿ.